ಹಳೆಯ ಗೋದಾಮಿನ ನೆತ್ತಿಯ ಮೇಲೆ ಗಾಜಿನ ಮನೆ: ಯಾವುದರ ಮೇಲೆ ನಿಲ್ಲಬೇಕು, ಎಲ್ಲಿಂದ ಕಾಣಬಾರದು

ಪ್ರಶ್ನೆ: ನ್ಯೂಯಾರ್ಕ್‌ನ ಟ್ರೈಬೆಕಾದಲ್ಲಿ 1860ರ ದಶಕದ ಐದು ಮಹಡಿಯ ಗೋದಾಮೊಂದರಲ್ಲಿ ಮೇಲಿನ ಮಹಡಿ ನಮ್ಮದು. ಮುಂಭಾಗ ಎರಕದ ಕಬ್ಬಿಣದ್ದು, ಅಕ್ಕಪಕ್ಕ ಇಟ್ಟಿಗೆ ಗೋಡೆ, ಅಗಲ 25 ಅಡಿ, ಆಳ 90 ಅಡಿ. ಮಹಡಿಗೊಂದು ಮನೆಯಾಗಿ ಬದಲಾಗಿ ಬಹಳ ವರ್ಷವಾಯಿತು. ತಾರಸಿಯ ಹಕ್ಕೂ ಕಟ್ಟಡದ ಸಹಕಾರ ಸಂಘದಲ್ಲಿರುವ ನಮ್ಮ ಷೇರಿನ ಜೊತೆಗೇ ಬಂದಿದೆ. ಅಲ್ಲಿ ಉಕ್ಕು, ಗಾಜಿನ ಒಂದು ಹಗುರವಾದ ಆಧುನಿಕ ಮನೆ ಕಟ್ಟುವ ಆಸೆ. ಆರ್ಕಿಟೆಕ್ಟ್ ನಕ್ಷೆಗೂ ಮೊದಲು ತಾರಸಿಯಲ್ಲಿ ಕಂಬ ನೆಟ್ಟು ಕಿತ್ತಳೆ ಬಣ್ಣದ ಬಲೆ ಕಟ್ಟಬೇಕು ಅನ್ನುತ್ತಾರೆ. ಇಂಜಿನಿಯರ್ ನಮ್ಮ ಸೀಲಿಂಗ್ ಒಡೆದು ನೋಡಬೇಕು ಅನ್ನುತ್ತಾರೆ. ನೂರೈವತ್ತು ವರ್ಷ ಸರಕು ಹೊತ್ತ ಕಟ್ಟಡಕ್ಕೆ ಒಂದು ಹಗುರ ಮನೆ ಭಾರವೇ?

ಉತ್ತರ: ಸರಕು ಹೊತ್ತದ್ದು ನಿಮ್ಮ ಕಟ್ಟಡದ ಮಹಡಿಗಳು. ತಾರಸಿ ಹೊತ್ತದ್ದು ಹಿಮ ಮತ್ತು ಡಾಂಬರು ಮಾತ್ರ. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಆರ್ಕಿಟೆಕ್ಟ್ ಕೇಳುವ ಬಲೆ, ಇಂಜಿನಿಯರ್ ಕೇಳುವ ತೂತು ಎರಡೂ ಏಕೆ ಬೇಕೆಂದು ತಾನಾಗಿ ತಿಳಿಯುತ್ತದೆ.

ಈ ಕಾಲದ ಗೋದಾಮುಗಳಲ್ಲಿ ಪೈನ್ ಮರದ ಜಂತೆಗಳು ಒಂದು ಪಕ್ಕದ ಗೋಡೆಯಿಂದ ಇನ್ನೊಂದು ಪಕ್ಕದ ಗೋಡೆಗೆ ಹಾಯುತ್ತವೆ. ಬಟ್ಟೆಯ ಮೂಟೆ, ಪೀಪಾಯಿ, ಯಂತ್ರ ಇಡುವ ಮಹಡಿಗೆ ದಪ್ಪ ಜಂತೆಗಳನ್ನು ಒತ್ತೊತ್ತಾಗಿ ಹಾಕುತ್ತಿದ್ದರು. ತಾರಸಿಗೆ ಹಾಗೇಕೆ ಹಾಕುತ್ತಾರೆ? ಅಲ್ಲಿ ಜಂತೆ ತೆಳು, ನಡುವಿನ ಅಂತರ ಹೆಚ್ಚು. ನಿಮ್ಮಲ್ಲಿ 3 ಇಂಚು ಅಗಲ, 10 ಇಂಚು ಎತ್ತರದ ಜಂತೆಗಳು 16 ಇಂಚಿಗೊಂದರಂತೆ, ಗೋಡೆಯಿಂದ ಗೋಡೆಗೆ 23 ಅಡಿ ಹಾಯ್ದಿವೆ ಎಂದು ಇಟ್ಟುಕೊಂಡು ಲೆಕ್ಕ ಹಾಕೋಣ. ತಾರಸಿಯ ಸ್ವಂತ ಭಾರ ಚದರಡಿಗೆ 15 ಪೌಂಡ್, ಹಿಮಕ್ಕೆ 30 ಪೌಂಡ್. ಆಗ ಜಂತೆಯ ನಡುಭಾಗದಲ್ಲಿ ಚದರ ಇಂಚಿಗೆ ಸುಮಾರು 950 ಪೌಂಡ್ ಒತ್ತಡ ಬೀಳುತ್ತದೆ. ಗಟ್ಟಿ ಹಳೆಯ ಪೈನ್ ಅದನ್ನು ತಾಳುತ್ತದೆ. ಅದರ ಮೇಲೆ ಮನೆಯ ನೆಲ, ಒಳಗೋಡೆ, ಜನ, ಪೀಠೋಪಕರಣ ಸೇರಿ ಒಟ್ಟು ಚದರಡಿಗೆ 95 ಪೌಂಡ್ ಆಯಿತೆನ್ನಿ. ಒತ್ತಡ 2,000 ಪೌಂಡ್ ದಾಟುತ್ತದೆ, ಜಂತೆ ನಡುವಿನಲ್ಲಿ 2 ಇಂಚು ಜಗ್ಗುತ್ತದೆ. ಹೊಸ ಮನೆಯ ಸೂರು, ಅದರ ಮೇಲಿನ ಹಿಮ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹಳೆಯ ಒಳ್ಳೆಯ ಮರಕ್ಕೂ 1,200ರಿಂದ 1,500 ಪೌಂಡ್‌ಗಿಂತ ಹೆಚ್ಚು ಒಪ್ಪುವ ಇಂಜಿನಿಯರ್ ಸಿಗುವುದು ಕಷ್ಟ, ಸಿಕ್ಕರೂ ನಂಬಬೇಡಿ. ಜೊತೆಗೆ ನೂರೈವತ್ತು ವರ್ಷಗಳಲ್ಲಿ ಪ್ಲಂಬರ್‌ಗಳು ಪೈಪ್‌ಗಾಗಿ ಈ ಜಂತೆಗಳನ್ನು ಅಲ್ಲಲ್ಲಿ ಕೊರೆದಿರುತ್ತಾರೆ. 10 ಇಂಚಿನ ಜಂತೆಯ ತಳದಲ್ಲಿ, ನಡುಮಧ್ಯದಲ್ಲಿ, 2 ಇಂಚಿನ ಕಚ್ಚು ಬಿದ್ದರೆ ಆ ಜಾಗದಲ್ಲಿ ಅದರ ಬಲದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಹೋಯಿತು.

ಆದ್ದರಿಂದ ಇಂಥ ಮನೆ ತಾರಸಿಯ ಮೇಲೆ ನಿಲ್ಲುವುದೇ ಇಲ್ಲ. ಅದು ಪಕ್ಕದ ಎರಡು ಇಟ್ಟಿಗೆ ಗೋಡೆಗಳ ಮೇಲೆ ನಿಲ್ಲುತ್ತದೆ. ಗೋಡೆಯಿಂದ ಗೋಡೆಗೆ ಉಕ್ಕಿನ ತೊಲೆ ಹಾಯಿಸಿ ಹೊಸ ನೆಲವನ್ನು ಅದರ ಮೇಲೆ ಕೂರಿಸುತ್ತಾರೆ. ಅಂದಾಜು ಬೇಕಾದರೆ: 12 ಇಂಚು ಎತ್ತರದ, ಅಡಿಗೆ 26 ಪೌಂಡ್ ತೂಗುವ ತೊಲೆಗಳು 6 ಅಡಿಗೊಂದು. ಒಂದೊಂದು ತೊಲೆಯ ತೂಕ 300 ಕಿಲೋ ಹತ್ತಿರ. ಪ್ರತಿ ತುದಿಯಲ್ಲಿ ಗೋಡೆಯ ಮೇಲೆ ಬೀಳುವ ಭಾರ ಸುಮಾರು 7,200 ಪೌಂಡ್, ಅಂದರೆ ಮೂರು ಟನ್ನಿಗೂ ಮಿಕ್ಕಿ. ಐದು ಮಹಡಿಯ ಇಟ್ಟಿಗೆ ಗೋಡೆಗೆ ಈ ಹೆಚ್ಚುವರಿ ಭಾರ ಸಾಮಾನ್ಯವಾಗಿ ದೊಡ್ಡದಲ್ಲ. ತೊಂದರೆಯೆಲ್ಲ ತೊಲೆಯ ತುದಿ ಇಟ್ಟಿಗೆಯನ್ನು ಮುಟ್ಟುವ ಆ ಒಂದು ಅಂಗೈಯಗಲ ಜಾಗದಲ್ಲಿ. ಅಲ್ಲಿ 8×12 ಇಂಚಿನ ಉಕ್ಕಿನ ಫಲಕ ಹಾಕಿದರೆ ಇಟ್ಟಿಗೆಗೆ ಬೀಳುವ ಒತ್ತಡ ಚದರ ಇಂಚಿಗೆ 75 ಪೌಂಡ್‌ಗೆ ಇಳಿಯುತ್ತದೆ. ಸುಣ್ಣದ ಗಾರೆಯ ಹಳೆಯ ಗೋಡೆ ಗಟ್ಟಿಯಾಗಿದ್ದರೆ ಅಷ್ಟನ್ನು ತಾಳುತ್ತದೆ.

ಗಟ್ಟಿಯಾಗಿದ್ದರೆ! ತಾರಸಿಯಿಂದ ಮೇಲಿನ ಮೂರು ನಾಲ್ಕು ಅಡಿ ಗೋಡೆ ಎರಡೂ ಕಡೆಯಿಂದ ಮಳೆ, ಹಿಮ ತಿಂದಿರುತ್ತದೆ. ಗಾರೆಯನ್ನು ಕೀಲಿಕೈಯಿಂದ ಗೀರಿದರೆ ಮರಳಿನಂತೆ ಉದುರಿದರೆ ಅಷ್ಟನ್ನೂ ಬಿಚ್ಚಿ ಮತ್ತೆ ಕಟ್ಟಲೇಬೇಕು. ಕಟ್ಟುವಾಗ ಸಿಮೆಂಟ್ ಹೆಚ್ಚಿರುವ ಗಡಸು ಗಾರೆ ಬೇಡ. ಹಳೆಯ ಇಟ್ಟಿಗೆ ಮೃದು. ಗಾರೆ ಇಟ್ಟಿಗೆಗಿಂತ ಗಡುಸಾದರೆ ನೀರು ಗಾರೆಯ ಸಂದಿನಿಂದ ಆರಿಹೋಗದೆ ಇಟ್ಟಿಗೆಯಲ್ಲೇ ಉಳಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನೇ ಸಿಡಿಸುತ್ತದೆ. ಸುಣ್ಣ ಹೆಚ್ಚಿರುವ ಗಾರೆಯೇ ಸರಿ.

ಇಂಜಿನಿಯರ್ ಸೀಲಿಂಗ್ ಒಡೆಯುವುದು ಜಂತೆಯ ತುದಿ ನೋಡಲು. ಎರಡಡಿ ಚೌಕದ ತೂತು ಸಾಕು, ಆದರೆ ಎಲ್ಲಿ ಎಂಬುದು ಮುಖ್ಯ. ಮೊದಲನೆಯದು ಮಳೆನೀರಿನ ಕೊಳವೆ ಇಳಿಯುವ ಮೂಲೆಯಲ್ಲಿ, ಎರಡನೆಯದು ಹಳೆಯ ಚಿಮಣಿಯ ಪಕ್ಕದಲ್ಲಿ, ಮೂರನೆಯದು ಏನೂ ತೊಂದರೆ ಕಾಣದ ನಡುಭಾಗದಲ್ಲಿ. ಜಂತೆ ಇಟ್ಟಿಗೆಯೊಳಗೆ ಹೊಕ್ಕಿರುವುದು ನಾಲ್ಕು ಇಂಚು ಮಾತ್ರ, ಕೊಳೆಯುವುದೂ ಆ ನಾಲ್ಕು ಇಂಚೇ. ಕೋಣೆಯಿಂದ ನೋಡಿದರೆ ಜಂತೆ ಚಂದವಾಗಿಯೇ ಕಾಣುತ್ತದೆ. ಗೋಡೆಗೆ ತಾಗಿದ ಕಡೆ ದಬ್ಬಳ ಚುಚ್ಚಿ ನೋಡಿ: ಒಳ್ಳೆಯ ಮರದಲ್ಲಿ ಮೊನೆ ಕಾಲಿಂಚೂ ಇಳಿಯುವುದಿಲ್ಲ, ಲಡ್ಡಾದ ಮರದಲ್ಲಿ ಬೆಣ್ಣೆಗೆ ಚುಚ್ಚಿದಂತೆ ಇಳಿಯುತ್ತದೆ. ಜಂತೆಯ ತುದಿ ಓರೆಯಾಗಿ ಕತ್ತರಿಸಿದ್ದು ಕಂಡರೆ ಅದು ಕೆಲಸದ ದೋಷವಲ್ಲ. ಬೆಂಕಿ ಬಿದ್ದು ಜಂತೆ ನಡುವಿನಲ್ಲಿ ಮುರಿದಾಗ ಗೋಡೆಯನ್ನು ಮೀಟಿ ಎಳೆದುಕೊಳ್ಳದೆ ತಾನು ಮಾತ್ರ ಜಾರಿ ಬೀಳಲಿ ಎಂದು ಬೇಕೆಂದೇ ಹಾಗೆ ಕತ್ತರಿಸುತ್ತಿದ್ದರು. ಆ ಕಾಲದ ಬಡಗಿಗಳು ಎಷ್ಟು ದೂರ ಯೋಚಿಸಿದ್ದರು ನೋಡಿ. ಅಂಥ ಜಂತೆಗಳಿಗೆ ಗೋಡೆಯ ಬಿಗಿಹಿಡಿತ ಕಡಿಮೆ ಎಂಬುದನ್ನು ಮಾತ್ರ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು.

(ಬೆಂಗಳೂರು, ಮೈಸೂರಿನ ಹಳೆಯ ಪೇಟೆಯ ಕಟ್ಟಡಗಳ ಮದ್ರಾಸ್ ತಾರಸಿಗೂ ಇದೇ ಮಾತು. ತೇಗದ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಅಲ್ಲಿ ಮೊದಲು ಕೊಳೆಯುವುದೂ ಗೋಡೆಯೊಳಗೆ ಹೊಕ್ಕ ತುದಿಯೇ. ಅದರ ಮೇಲೆ ನೇರವಾಗಿ ಒಂದು ಕೋಣೆ ಎಬ್ಬಿಸುವುದು ಅಪಾಯ.)

ಈಗ ಬಲೆಯ ವಿಷಯ. ನ್ಯೂಯಾರ್ಕ್ ನಗರದ ಪಾರಂಪರಿಕ ಕಟ್ಟಡಗಳ ಕಾನೂನು ಬಂದದ್ದು 1965ರಲ್ಲಿ. ಸೋಹೋ ಬಡಾವಣೆಯ ಎರಕದ ಕಬ್ಬಿಣದ ಬೀದಿಗಳು 1973ರಲ್ಲಿ, ಟ್ರೈಬೆಕಾದ ಬೀದಿಗಳು 1990ರ ದಶಕದ ಆರಂಭದಲ್ಲಿ ಐತಿಹಾಸಿಕ ಪ್ರದೇಶಗಳೆಂದು ಘೋಷಣೆಯಾದವು. ಅಲ್ಲಿ ತಾರಸಿಯ ಮೇಲೆ ಏನು ಕಟ್ಟಿದರೂ ನಗರದ ಪಾರಂಪರಿಕ ಕಟ್ಟಡಗಳ ಆಯೋಗವಾದ ಲ್ಯಾಂಡ್‌ಮಾರ್ಕ್ಸ್ ಪ್ರಿಸರ್ವೇಷನ್ ಕಮಿಷನ್ ಮೊದಲು ಕೇಳುವುದು ಒಂದೇ ಪ್ರಶ್ನೆ: ರಸ್ತೆಯಿಂದ ಕಾಣುತ್ತದೆಯೇ? ಕಾಣದಿದ್ದರೆ ಅಥವಾ ಕಂಡೂ ಕಾಣದಷ್ಟಿದ್ದರೆ ದಾರಿ ಸಲೀಸು. ಎದ್ದು ಕಂಡರೆ ಸಾರ್ವಜನಿಕ ವಿಚಾರಣೆ, ತಿದ್ದುಪಡಿ, ಮತ್ತೆ ವಿಚಾರಣೆ. ಕಂಬ ನೆಟ್ಟು ಮನೆಯ ನಿಜವಾದ ಎತ್ತರಕ್ಕೆ, ನಿಜವಾದ ಮೂಲೆಗಳಿಗೆ ಕಿತ್ತಳೆ ಬಲೆ ಕಟ್ಟಿ ಸುತ್ತಲ ಬೀದಿಗಳಿಂದ ಫೋಟೋ ತೆಗೆಯುವುದು ಇದಕ್ಕಾಗಿ. ಕಂಪ್ಯೂಟರ್ ಚಿತ್ರದಲ್ಲಿ ಕ್ಯಾಮೆರಾವನ್ನು ಬೇಕಾದಲ್ಲಿ ಇಡಬಹುದು, ಬಲೆಯನ್ನು ಯಾರು ಎಲ್ಲಿಂದ ಬೇಕಾದರೂ ನಿಂತು ನೋಡಬಹುದು. ಬಲೆಯಲ್ಲಿ ತಾರಸಿಯ ಕಟಕಟೆ, ಎಸಿ ಯಂತ್ರ, ಲಿಫ್ಟಿನ ಗೂಡು ಎಲ್ಲವನ್ನೂ ತೋರಿಸಿ. ಮನೆಗೆ ಮಾತ್ರ ಬಲೆ ಕಟ್ಟಿ ಕೊನೆಗೆ ಎಸಿಯ ಪೆಟ್ಟಿಗೆ ಬೀದಿಗೆ ಕಂಡು ಅರ್ಜಿ ಹಿಂದಕ್ಕೆ ಬರುವುದು ಪದೇ ಪದೇ ಆಗುವ ತಪ್ಪು.

ಲೆಕ್ಕ ಸರಳ. ಕಾರ್ನಿಸ್‌ನ (ಮುಂಭಾಗದ ತುದಿಯಲ್ಲಿ ಹೊರಚಾಚಿದ ಅಂಚಿನ) ಎತ್ತರ 65 ಅಡಿ, ನೋಡುವವರ ಕಣ್ಣು 5 ಅಡಿ, ಎದುರು ಫುಟ್‌ಪಾತ್ 60 ಅಡಿ ದೂರ ಎಂದುಕೊಳ್ಳಿ. ತಾರಸಿಯೂ ಕಾರ್ನಿಸ್‌ನ ಮಟ್ಟದಲ್ಲೇ ಇದೆ ಅನ್ನಿ. ಕಣ್ಣಿನಿಂದ ಕಾರ್ನಿಸ್‌ಗೆ ಎಳೆದ ಗೆರೆ 60 ಅಡಿಗೆ 60 ಅಡಿ ಏರುತ್ತದೆ. ಮನೆಯನ್ನು 10 ಅಡಿ ಹಿಂದೆ ಸರಿಸಿದರೆ 10 ಅಡಿ ಎತ್ತರ ಮರೆಯಾಯಿತು. ಬಹಳ ಜನ ಇಲ್ಲಿಗೇ ಖುಷಿಪಟ್ಟು ನಕ್ಷೆ ಹಾಕಿಬಿಡುತ್ತಾರೆ. ಆದರೆ 300 ಅಡಿ ದೂರದ ಅಡ್ಡರಸ್ತೆಯಿಂದ ನೇರವಾಗಿ ಕಟ್ಟಡದ ಮುಖ ಕಾಣುವಂತಿದ್ದರೆ ಅದೇ ಗೆರೆ 5 ಅಡಿಗೆ 1 ಅಡಿ ಮಾತ್ರ ಏರುತ್ತದೆ. ಆಗ 10 ಅಡಿ ಹಿಂದೆ ಸರಿದರೆ ಮರೆಯಾಗುವುದು 2 ಅಡಿ. 12 ಅಡಿ ಎತ್ತರದ ಮನೆ ಮರೆಯಾಗಲು 60 ಅಡಿ ಹಿಂದೆ ಹೋಗಬೇಕು. ನಿಮ್ಮ ಕಟ್ಟಡದ ಆಳವೇ 90 ಅಡಿ. ಅದಕ್ಕೇ ಬಲೆ ಮೊದಲು, ನಕ್ಷೆ ಆಮೇಲೆ. ಯಾವ ಮೂಲೆಯಿಂದ ಕಾಣುತ್ತದೆ ಎಂಬುದು ಗೊತ್ತಾಗದೆ ಹಾಕಿದ ನಕ್ಷೆಗೆ ಕೊಟ್ಟ ಹಣ ನೀರಿಗೆ ಹಾಕಿದಂತೆ.

ಈ ಕಟ್ಟಳೆಯನ್ನೇ ವಿನ್ಯಾಸವಾಗಿ ಮಾಡಿಕೊಂಡ ಕಟ್ಟಡವೊಂದು ನಿಮ್ಮ ನೆರೆಯಲ್ಲೇ ಇದೆ: ರೀಡ್ ಸ್ಟ್ರೀಟ್‌ನ 93ನೇ ನಂಬರು, 1857ರ ಎರಕದ ಕಬ್ಬಿಣದ ಕಟ್ಟಡ. ಅಮಾಲೆ ಆಂಡ್ರಾವೊಸ್ ಮತ್ತು ಡ್ಯಾನ್ ವುಡ್ ಅವರ ವರ್ಕ್‌ಎಸಿ ಎಂಬ ಆರ್ಕಿಟೆಕ್ಟ್ ಸಂಸ್ಥೆ ಅದರ ನೆತ್ತಿಯ ಮೇಲೆ ಮನೆ ಕಟ್ಟಿತು. ದೂರದಿಂದ ಕಟ್ಟಡ ಕಾಣುವ ಜಾಗಗಳಿಂದ ದೃಷ್ಟಿಯ ಗೆರೆ ಎಳೆದರು. ಕಟ್ಟಡದ ಸ್ವಂತ ಮುಕುಟ, ಪಕ್ಕದ ಕ್ಯಾರಿ ಬಿಲ್ಡಿಂಗ್‌ನ ಮುಕುಟ, ಹಳೆಯ ಲಿಫ್ಟಿನ ಗೂಡು ಇವುಗಳ ಹಿಂದೆ ಬೀಳುವ ಮರೆಯ ಜಾಗವನ್ನು ಗುರುತಿಸಿ ಆ ಮರೆಯ ಆಕಾರಕ್ಕೇ ಹೊಸ ಸೂರನ್ನು ಮಡಿಸಿದರು. ಮೇಲಿಂದ ನೋಡಿದರೆ ಓರೆ ಕೋರೆಯ ಆಧುನಿಕ ಶಿಲ್ಪದಂತಿದೆ, ಕೆಳಗೆ ನಡೆಯುವವರಿಗೆ ಏನೂ ಕಾಣುವುದಿಲ್ಲ. ಮುಂಭಾಗದಲ್ಲಿ ಕಳೆದುಹೋಗಿದ್ದ ಕಂಬದ ಬೋದಿಗೆಗಳ ಜಾಗಕ್ಕೆ ಕಂಪ್ಯೂಟರ್ ಲೆಕ್ಕದಿಂದ ಮೈಕಲ್ ಹಾನ್ಸ್‌ಮಯರ್ ರೂಪಿಸಿದ ಹೊಸ ಬೋದಿಗೆಗಳು ಬಂದವು. ಹಳೆಯದನ್ನು ನಕಲು ಮಾಡದೆ, ಹಳೆಯದಕ್ಕೆ ಅಡ್ಡ ನಿಲ್ಲದೆ ಹೊಸತನ್ನು ಸೇರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಎಲ್ಲ ಊರಲ್ಲೂ ಮರೆಯಲ್ಲೇ ಇರಬೇಕೆಂದಿಲ್ಲ. ವಿಯೆನ್ನಾದ ಫಾಲ್ಕೆಸ್ಟ್ರಾಸೆಯಲ್ಲಿ ಕೋಪ್ ಹಿಮ್ಮೆಲ್ಬ್ಲಾವ್ ಎಂಬ ಆರ್ಕಿಟೆಕ್ಟ್ ಸಂಸ್ಥೆ 1988ರಲ್ಲಿ ಮುಗಿಸಿದ ಉಕ್ಕು, ಗಾಜಿನ ತಾರಸಿ ಕಚೇರಿ ಮೂಲೆಯಿಂದ ಹೊರಕ್ಕೆ ಚಿಮ್ಮುತ್ತದೆ. ರಾಟರ್‌ಡ್ಯಾಮ್‌ನಲ್ಲಿ ಎಂವಿಆರ್‌ಡಿವಿ ಆರ್ಕಿಟೆಕ್ಟ್ ಸಂಸ್ಥೆ ಹಳೆಯ ಕಟ್ಟಡದ ಮೇಲಿಟ್ಟ ಡಿಡ್ಡೆನ್ ವಿಲೇಜ್ ಎಂಬ ಮನೆಗಳ ಗುಂಪು ಎದ್ದು ಕಾಣುವ ನೀಲಿ ಬಣ್ಣ ಬಳಿದುಕೊಂಡೇ ನಿಂತಿದೆ. ಅವುಗಳ ಫೋಟೋ ತೋರಿಸಿ ಟ್ರೈಬೆಕಾದಲ್ಲಿ ಅನುಮತಿ ಕೇಳಿದರೆ ಮಾತ್ರ ಪ್ರಯೋಜನವಿಲ್ಲ.

ಭಾರದ ಲೆಕ್ಕವೂ ದೃಷ್ಟಿಯ ಲೆಕ್ಕವೂ ಒಂದನ್ನೊಂದು ಹಿಡಿದೆಳೆಯುವುದು ಇಲ್ಲೇ. ಉಕ್ಕಿನ ತೊಲೆಗಳನ್ನು ಹಳೆಯ ತಾರಸಿಯ ಮೇಲೆ ಎತ್ತಿ ಕೂರಿಸಿದರೆ ತೊಲೆಗೆ 12 ಇಂಚು, ತಾರಸಿಗೆ ತಾಗದಂತೆ ಬಿಡುವ ಸಂದು, ನೆಲದ ದಪ್ಪ ಸೇರಿ ಹೊಸ ನೆಲ ಒಂದೂವರೆ ಅಡಿ ಮೇಲೇರುತ್ತದೆ. 9 ಅಡಿ ಸೀಲಿಂಗ್, ಮೇಲೆ ಸೂರು ಸೇರಿ ಒಟ್ಟು 12 ಅಡಿ. ಬದಲಿಗೆ ಮನೆ ಬರುವ ಭಾಗದಲ್ಲಿ ಹಳೆಯ ತಾರಸಿಯ ಜಂತೆಗಳನ್ನೇ ತೆಗೆದು ಅವುಗಳ ಮಟ್ಟದಲ್ಲೇ ತೊಲೆ ಹಾಕಿದರೆ ಒಟ್ಟು ಎತ್ತರ ಹತ್ತೂವರೆ ಅಡಿಗೆ ಇಳಿಯುತ್ತದೆ. 300 ಅಡಿಯ ಆ ಅಡ್ಡರಸ್ತೆಯ ಲೆಕ್ಕದಲ್ಲಿ ಹಿಂದೆ ಸರಿಯಬೇಕಾದ್ದು 60 ಅಡಿಯಿಂದ 52 ಅಡಿ ಚಿಲ್ಲರೆಗೆ ಬಂತು. ಮನೆಗೆ ಸುಮಾರು 170 ಚದರಡಿ ಹೆಚ್ಚು ಸಿಕ್ಕಿತು, ಅಂದರೆ ಒಂದು ದೊಡ್ಡ ಕೋಣೆ. ಮೇಲಿನ ಮಹಡಿ ನಿಮ್ಮದೇ ಆದ್ದರಿಂದ ಸೀಲಿಂಗ್ ಬಿಚ್ಚಲು ಬೇರೆ ನಿವಾಸಿಯನ್ನು ಮನೆಬಿಡಿಸಬೇಕಿಲ್ಲ. ನಿಮ್ಮ ಸ್ಥಿತಿಯಲ್ಲಿ ಇದೇ ಸರಿಯಾದ ದಾರಿ. ಇನ್ನೊಂದು ಲಾಭ: ಸೀಲಿಂಗಿಗೂ ತಾರಸಿಗೂ ನಡುವೆ ಇರುವ ಟೊಳ್ಳು ಜಾಗ ಆ ಭಾಗದಲ್ಲಿ ಇಲ್ಲವಾಗುತ್ತದೆ. ಒಣಮರದ ಆ ಟೊಳ್ಳಿನಲ್ಲಿ ಬೆಂಕಿ ಕಣ್ಣಿಗೆ ಬೀಳದೆ ಹಿಂದಿನಿಂದ ಮುಂದಿನವರೆಗೆ ಓಡುತ್ತದೆ. ಉಳಿಯುವ ಭಾಗಕ್ಕೆ ಅಡ್ಡಗೋಡೆ, ಸ್ಪ್ರಿಂಕ್ಲರ್ ಹಾಕಿಸಲೇಬೇಕು.

ಆದರೆ ಜಂತೆ ತೆಗೆಯುವುದರಲ್ಲಿ ಒಂದು ಅಪಾಯವಿದೆ. ಜಂತೆಗಳು ಭಾರ ಹೊರುವುದಷ್ಟೇ ಅಲ್ಲ, ಎರಡು ಉದ್ದ ಗೋಡೆಗಳು ಬಾಗದಂತೆ ಹಿಡಿದಿರುತ್ತವೆ. ಒಂದೇ ದಿನ ಎಲ್ಲವನ್ನೂ ಕಿತ್ತರೆ ಗೋಡೆಯ ಮೇಲ್ಭಾಗ ಆಸರೆಯಿಲ್ಲದೆ ನಿಲ್ಲುತ್ತದೆ. ತೊಲೆಯ ಜಾಗದ ಎರಡು ಮೂರು ಜಂತೆ ತೆಗೆಯುವುದು, ತೊಲೆ ಕೂರಿಸಿ ಗೋಡೆಗೆ ಬಿಗಿಯುವುದು, ಆಮೇಲೆ ಮುಂದಿನದಕ್ಕೆ ಹೋಗುವುದು. ತೆಗೆದ ಪೈನ್ ಮರವನ್ನು ಕಸಕ್ಕೆ ಹಾಕಲು ಬಿಡಬೇಡಿ. ಎಳೆಗಳು ಇಷ್ಟು ಒತ್ತಾಗಿರುವ ಮರ ಈಗ ಬೆಳೆಯುವುದಿಲ್ಲ, ಹೊಸ ಮೆಟ್ಟಿಲಿಗೆ ಅದಕ್ಕಿಂತ ಒಳ್ಳೆಯದು ಸಿಗಲಾರದು. ಹಳೆಯ ಡಾಂಬರು ಪದರಗಳನ್ನು ತೆಗೆಸುವ ಮೊದಲು ಕಲ್ನಾರು ಪರೀಕ್ಷೆ ಆಗಬೇಕು.

ಗಾಳಿಯ ವಿಷಯದಲ್ಲಿ ಈ ಕಟ್ಟಡಗಳಿಗೆ ಹುಟ್ಟಿನಿಂದಲೇ ಒಂದು ದೌರ್ಬಲ್ಯವಿದೆ. 90 ಅಡಿಯ ದಿಕ್ಕಿನಲ್ಲಿ ಎರಡು ಭಾರೀ ಗೋಡೆಗಳಿವೆ. 25 ಅಡಿಯ ದಿಕ್ಕಿನಲ್ಲಿ ಮುಂದೆ ಕಬ್ಬಿಣ, ಗಾಜು, ಹಿಂದೆ ಕಿಟಕಿಗಳೇ ತುಂಬಿದ ಗೋಡೆ; ಅಡ್ಡಲಾಗಿ ಒತ್ತಿದರೆ ತಡೆಯಲು ಗಟ್ಟಿಯಾದದ್ದು ಏನೂ ಇಲ್ಲ. ನೆತ್ತಿಯ ಮೇಲೆ ಹೊಸ ಮನೆ ಬಂದರೆ ಗಾಳಿ ತಳ್ಳುವ ಮೈ ಹೆಚ್ಚುತ್ತದೆ. ಹೊಸ ಮನೆಯ ಚೌಕಟ್ಟು ಅಡ್ಡದಿಕ್ಕಿನಲ್ಲಿ ತಾನೇ ಬಿಗಿಯಾಗಿ ನಿಲ್ಲಬೇಕು, ಅದರ ನೆಲ ಎರಡೂ ಗೋಡೆಗೆ ಬಿಗಿದಿರಬೇಕು, ಆ ತಳ್ಳು ಕೆಳಗಿನ ಮಹಡಿಗಳಲ್ಲಿ ಹೇಗೆ ನೆಲ ಮುಟ್ಟುತ್ತದೆ ಎಂಬುದನ್ನು ಇಂಜಿನಿಯರ್ ಕಾಗದದ ಮೇಲೆ ತೋರಿಸಬೇಕು. ಎರಕದ ಕಬ್ಬಿಣದ ಮುಂಭಾಗದ ಮೇಲೆ ಯಾವ ಭಾರವನ್ನೂ ಹೇರಬೇಡಿ. ಅದು ಬೋಲ್ಟ್ ಹಾಕಿ ಜೋಡಿಸಿದ ತುಂಡುಗಳ ಮುಖ, ಉಕ್ಕಿನಂತೆ ಬಾಗದೆ ಫಟ್ಟನೆ ಬಿರಿಯುವ ಲೋಹ.

ಎತ್ತರದ ಇನ್ನೊಂದು ಗಡಿ ಬೆಂಕಿಯದು. ಅಗ್ನಿಶಾಮಕ ವಾಹನ ನಿಲ್ಲುವ ಮಟ್ಟದಿಂದ ಜನ ವಾಸಿಸುವ ಮೇಲಿನ ನೆಲ 75 ಅಡಿ ದಾಟಿದರೆ ಇಡೀ ಕಟ್ಟಡ ಬಹುಮಹಡಿ ಕಟ್ಟಡಗಳ ಕಠಿಣ ನಿಯಮಕ್ಕೆ ಒಳಪಡುತ್ತದೆ. ಮಹಡಿಗೆ 13 ಅಡಿಯಂತೆ ಐದು ಮಹಡಿಯ ಮೇಲೆ ನಿಮ್ಮ ಹೊಸ ನೆಲ 65 ಅಡಿಯಲ್ಲಿ ಬರುತ್ತದೆ, ನಿಶ್ಚಿಂತೆ. ಆರು ಮಹಡಿಯ ಪಕ್ಕದ ಮನೆಯವರು ಇದೇ ಆಸೆ ಪಟ್ಟರೆ ಅವರದು 78 ಅಡಿ. ಅವರ ಯೋಜನೆ ಅಲ್ಲಿಗೇ ನಿಲ್ಲುವ ಸಂಭವ ಹೆಚ್ಚು. ಲಿಫ್ಟನ್ನು ಹೊಸ ಮನೆಯವರೆಗೆ ಏರಿಸಬೇಡಿ. ಕೊನೆಯ ನಿಲ್ದಾಣದ ನೆಲದಿಂದ ಮೇಲೆ ಲಿಫ್ಟಿಗೆ 13ರಿಂದ 15 ಅಡಿ ಬೇಕು, ಅದು ನಿಮ್ಮ ಸೂರನ್ನು ಸೀಳಿಕೊಂಡು ಮೇಲೆದ್ದು ಬೀದಿಗೆ ಕಾಣುತ್ತದೆ. ಲಿಫ್ಟ್ ಐದನೆಯ ಮಹಡಿಯಲ್ಲೇ ನಿಲ್ಲಲಿ, ಮೇಲಕ್ಕೆ ಒಳಮೆಟ್ಟಿಲು ಇರಲಿ.

ನೆರೆಯವರನ್ನು ಮೊದಲೇ ಮಾತಾಡಿಸಿ. ಪಕ್ಕದ ಗೋಡೆ ಬಹುಪಾಲು ಜಂಟಿ ಗೋಡೆ. ನಿಮ್ಮ ತೊಲೆಯ ಗೂಡು ಕೊರೆದ ಕಡೆಯೇ ಆಚೆಯಿಂದ ಅವರ ಜಂತೆ ಬಂದಿರಬಹುದು. ನಿಮ್ಮ ಮನೆ ಅವರ ಚಿಮಣಿಗಿಂತ ಎತ್ತರವಾದರೆ ಹೊಗೆ ತಿರುಗಿ ಒಳಹೋಗುತ್ತದೆ, ಆ ಚಿಮಣಿಯನ್ನು ನಿಮ್ಮ ಖರ್ಚಿನಲ್ಲೇ ಎತ್ತರಿಸಬೇಕು. ಇದಕ್ಕಿಂತ ಹೆಚ್ಚು ಮರೆತುಹೋಗುವುದು ಹಿಮ. ಹೊಸದಾಗಿ ಎದ್ದ ಗೋಡೆಗೆ ಗಾಳಿ ಬಡಿದು ಹಿಮ ಪಕ್ಕದ ತಗ್ಗು ತಾರಸಿಯ ಮೇಲೆ ದಿಣ್ಣೆಗಟ್ಟುತ್ತದೆ. ಆ ತಾರಸಿಯ ಜಂತೆಗಳೂ ನಿಮ್ಮವಷ್ಟೇ ತೆಳು. ಆ ಲೆಕ್ಕ ಮಾಡದ ಇಂಜಿನಿಯರ್ ಅರ್ಧ ಕೆಲಸ ಮಾಡಿದಂತೆ. ನೆರೆಯವರ ತಾರಸಿಗೆ ರಕ್ಷಣೆ ಹಾಸಲು ಅವರ ಒಪ್ಪಿಗೆ ಬೇಕು. ಒಪ್ಪದಿದ್ದರೆ ನ್ಯೂಯಾರ್ಕ್ ರಾಜ್ಯದ ಸ್ಥಿರಾಸ್ತಿ ದಾವೆಗಳ ಕಾನೂನಿನ (RPAPL) 881ನೇ ಕಲಮಿನಡಿ ಕೋರ್ಟಿಗೆ ಹೋಗುವ ದಾರಿ ಇದೆ, ಆದರೆ ತಿಂಗಳುಗಳು ಹಿಡಿಯುತ್ತವೆ. ಕೆಲಸ ಶುರುವಾಗುವ ಮುನ್ನ ಅವರ ಮನೆಯ ಬಿರುಕುಗಳ ಫೋಟೋ ತೆಗೆದಿಡಿ, ಅಳತೆಯ ಗುರುತು ಅಂಟಿಸಿ. ಆಮೇಲಿನ ಜಗಳ ಅರ್ಧ ತಪ್ಪುತ್ತದೆ.

ಇನ್ನು ಗಾಜು. 24 ಅಡಿಯ ತೊಲೆ ಅದರ ಉದ್ದದ 360ನೇ ಒಂದು ಭಾಗ ಬಾಗಿದರೆ ಸಾಧಾರಣ ನೆಲಕ್ಕೆ ತೊಂದರೆಯಿಲ್ಲ, ಅದು 0.8 ಇಂಚು. ಗೋಡೆಯಗಲದ ಸರಿಯುವ ಗಾಜಿನ ಬಾಗಿಲಿಗೆ ಸಾಮಾನ್ಯವಾಗಿ ಒಪ್ಪುವುದು ಕಾಲಿಂಚಿನ ಆಸುಪಾಸು. ಸೂರಿನ ತೊಲೆ ಚಳಿಗಾಲದ ಹಿಮಕ್ಕೆ ಬಾಗಿ ಬಾಗಿಲಿನ ತಲೆಯನ್ನು ಒತ್ತಿದರೆ ಬಾಗಿಲು ಸರಿಯುವುದಿಲ್ಲ, ಗಾಜು ಒಡೆಯಲೂಬಹುದು. ಬಾಗಿಲಿನ ಮೇಲಿನ ತೊಲೆಯನ್ನು ಬೇರೆಯಾಗಿ, ಹೆಚ್ಚು ಬಿಗಿಯಾಗಿ ಲೆಕ್ಕ ಹಾಕಿಸಿ. ಬಾಗಿಲು ತಯಾರಕರು ಎಷ್ಟು ಬಾಗು ಒಪ್ಪುತ್ತಾರೆ ಎಂಬುದನ್ನು ಉಕ್ಕು ಆರ್ಡರ್ ಮಾಡುವ ಮೊದಲೇ ಬರಹದಲ್ಲಿ ತರಿಸಿಕೊಳ್ಳಿ. ಒಳಗಿನಿಂದ ಹೊರತಾರಸಿಗೆ ಎಡೆಯಿಲ್ಲದೆ ಹಾಯುವ ಉಕ್ಕಿನ ತೊಲೆ ಇನ್ನೊಂದು ಪಿಡುಗು. ಹೊರಗಿನ ಚಳಿ ಲೋಹದ ಗುಂಟ ಒಳಬರುತ್ತದೆ, ಒಳಗಿನ ಹಬೆ ಅದರ ಮೇಲೆ ನೀರಾಗಿ ಕೂತು ಕೆಳಗಿನ ಹಳೆಯ ಮರಕ್ಕೆ ತೊಟ್ಟಿಕ್ಕುತ್ತದೆ. ಒಳಹೊರಗಿನ ತೊಲೆಗಳು ಸೇರುವ ಕಡೆ ಶಾಖ ತಡೆಯುವ ಗಟ್ಟಿ ಪ್ಯಾಡ್ ಇಟ್ಟು ಬೋಲ್ಟ್ ಹಾಕಿಸಿ. ತಾರಸಿಯ ಬಾಗಿಲಿನ ಹೊಸ್ತಿಲು ನೀರು ತಡೆಯುವ ಪದರಕ್ಕಿಂತ 8 ಇಂಚು ಮೇಲಿರಲಿ. ಒಳಗೂ ಹೊರಗೂ ಒಂದೇ ಮಟ್ಟದ ನೆಲ ಬೇಕಿದ್ದರೆ ಹೊರಗಿನ ಹಾಸುಗಲ್ಲನ್ನು ಕಾಲುಗಳ ಮೇಲೆ ಎತ್ತರಿಸಿ, ಬಾಗಿಲ ಮುಂದೆ ಜಾಲರಿ ಹಾಕಿದ ಚರಂಡಿ ಬಿಡಿ, ಹೊಸ್ತಿಲನ್ನು ತಗ್ಗಿಸಬೇಡಿ. ಪದರದ ಇಳಿಜಾರು ಅಡಿಗೆ ಕಾಲಿಂಚು.

ಕೆಲಸದ ಕಾಲದಲ್ಲಿ ಹೆಚ್ಚು ಹಾನಿ ಮಾಡುವುದು ಎರಡೇ: ನೀರು ಮತ್ತು ಕಿಡಿ. ತಾರಸಿ ಬಿಚ್ಚುವ ಮೊದಲು ಇಡೀ ಕೆಲಸದ ಜಾಗಕ್ಕೆ ಚೌಕಟ್ಟು ನಿಲ್ಲಿಸಿ ತಾತ್ಕಾಲಿಕ ಸೂರು ಹಾಕಿಸಿ. ಪ್ಲಾಸ್ಟಿಕ್ ಹೊದಿಕೆಗೆ ಮರಳಿನ ಚೀಲ ಇಟ್ಟು ಸಂಜೆ ಹೊರಟುಹೋಗುವ ಕಂಟ್ರಾಕ್ಟರ್ ಬೇಡ. ಒಂದು ರಾತ್ರಿಯ ಗುಡುಗುಮಳೆ ಐದು ಮನೆಗಳ ಸೀಲಿಂಗ್ ಇಳಿಸಬಲ್ಲದು. ಉಕ್ಕಿನ ಜೋಡಣೆಯನ್ನೆಲ್ಲ ಕಾರ್ಖಾನೆಯಲ್ಲೇ ಕೊರೆದು ತಂದು ಮೇಲೆ ಬೋಲ್ಟ್ ಮಾತ್ರ ಬಿಗಿಯುವಂತೆ ವಿನ್ಯಾಸ ಮಾಡಿಸಿ. ನೂರೈವತ್ತು ವರ್ಷ ಒಣಗಿದ ಪೈನ್‌ನ ಮೇಲೆ ವೆಲ್ಡಿಂಗ್ ಕಿಡಿ ಸಂದಿಗೆ ಬಿದ್ದರೆ ಗಂಟೆಗಳ ನಂತರವೂ ಹೊತ್ತಿಕೊಳ್ಳುತ್ತದೆ. ವೆಲ್ಡಿಂಗ್ ತಪ್ಪಿಸಲಾಗದ ಕಡೆ ಅದನ್ನು ಬೆಳಗ್ಗೆಯೇ ಮುಗಿಸಿ, ಕೈಯಲ್ಲಿ ನೀರಿನ ಪೈಪ್ ಹಿಡಿದ ಕಾವಲಿನವನು ಕೆಲಸ ನಿಂತ ಮೇಲೂ ಅಲ್ಲಿರಲಿ. ನಿಯಮ ಕೇಳುವುದು ಕನಿಷ್ಠ ಅರ್ಧ ಗಂಟೆ, ಇಂಥ ಕಟ್ಟಡದಲ್ಲಿ ಅವನನ್ನು ಸಂಜೆಯವರೆಗೆ ಇರಿಸಿಕೊಳ್ಳಿ.